ರೈಲು ನಿಲ್ಲುವ ಊರು, ಹೆದ್ದಾರಿ ಕವಲೊಡೆಯುವ ಊರು

ಮೈಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಡುವ ರೈಲು ನಂಜನಗೂಡಿನ ಕಪಿಲೆಯನ್ನು ದಾಟಿ, ಸುಮಾರು 60 ಕಿಲೋಮೀಟರುಗಳ ಪಯಣವನ್ನು ಮುಗಿಸಿ ಚಾಮರಾಜನಗರದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. 1920ರ ದಶಕದಲ್ಲಿ ಅಲ್ಲಿಯವರೆಗೆ ಬಂದ ಹಳಿಯನ್ನು ಸತ್ಯಮಂಗಲದ ಮಾರ್ಗವಾಗಿ ಮೆಟ್ಟುಪಾಳ್ಯಕ್ಕೆ ಕೊಂಡೊಯ್ಯಬೇಕೆಂಬ ಮಾತು ಹಲವು ಸಲ ಕೇಳಿಬಂದಿದೆ. ಆದರೆ ನಡುವೆ ನಿಂತಿರುವ ಬೆಟ್ಟಸಾಲು ಮತ್ತು ಕಾಡು ಅದಕ್ಕೆ ಎಡೆಗೊಟ್ಟಿಲ್ಲ. ಪಕ್ಕದ ತಾಲ್ಲೂಕಿನ ಗುಂಡ್ಲುಪೇಟೆಗಂತೂ ರೈಲೇ ಇಲ್ಲ. ಅದಕ್ಕೆ ಬದಲಾಗಿ ಅಲ್ಲಿ ಹೆದ್ದಾರಿಯೊಂದು ಎರಡಾಗಿ ಕವಲೊಡೆಯುತ್ತದೆ: ಬಲಕ್ಕೆ ಹೋದರೆ ಸುಲ್ತಾನ್ ಬತ್ತೇರಿ, ಕೋಳಿಕ್ಕೋಡು, ನೇರವಾಗಿ ಹೋದರೆ ಬಂಡೀಪುರ, ಉದಕಮಂಡಲ. ಒಂದು ಊರಿನಲ್ಲಿ ದಾರಿ ಮುಗಿಯುತ್ತದೆ, ಇನ್ನೊಂದರಲ್ಲಿ ಎರಡಾಗುತ್ತದೆ. ಈ ಎರಡು ಊರುಗಳ ಜನಜೀವನವನ್ನೂ ಬದುಕಿನ ಏರಿಳಿತವನ್ನೂ ಅರಿಯಬೇಕಾದವನು ಈ ದಾರಿಗಳಿಂದಲೇ ಆರಂಭಿಸುವುದು ಒಳ್ಳೆಯದು.

ಅಮೆರಿಕದಲ್ಲಿ ನಾಲ್ಕೈದು ಸಾವಿರ ಜನರ ಪುಟ್ಟ ಪಟ್ಟಣಕ್ಕೂ ಒಂದು ಜಾತಕವಿರುತ್ತದೆ. ಅಲ್ಲಿ ಎಷ್ಟು ಮನೆಗಳಿವೆ, ಎಷ್ಟು ಮಂದಿ ಮುದುಕರು, ಎಷ್ಟು ಮಕ್ಕಳು, ಒಂದು ಸಂಸಾರದ ವಾರ್ಷಿಕ ವರಮಾನವೆಷ್ಟು, ಬಡತನದಲ್ಲಿರುವವರು ನೂರಕ್ಕೆ ಎಷ್ಟು ಎಂಬುದನ್ನೆಲ್ಲ ಸರ್ಕಾರಿ ಅಂಕಿಗಳಿಂದ ಹೇಳಿಬಿಡಬಹುದು. ನಮ್ಮ ಜನಗಣತಿಯವರು ಮನೆಗೆ ಬಂದಾಗ ಚಾವಣಿ ಹಂಚಿನದೋ ಹುಲ್ಲಿನದೋ ಎಂದು ಕೇಳುತ್ತಾರೆ, ಓದು ಬರಹ ಬರುತ್ತದೆಯೇ ಎಂದು ಕೇಳುತ್ತಾರೆ. ವರಮಾನವೆಷ್ಟೆಂದು ಮಾತ್ರ ಕೇಳುವುದಿಲ್ಲ. ಆದುದರಿಂದ ನಮ್ಮ ಸಣ್ಣ ಊರುಗಳ ಸ್ಥಿತಿಗತಿಯನ್ನು ತಿಳಿಯಲು ಅಂಕಿಯ ಜೊತೆಗೆ ಸಂತೆಯನ್ನೂ, ಹೊಲವನ್ನೂ, ಕೆಲವೊಮ್ಮೆ ಕಲ್ಲಿನ ಮೇಲಿನ ಹಳೆಯ ಬರಹವನ್ನೂ ನೋಡಬೇಕಾಗುತ್ತದೆ.

ಚಾಮರಾಜನಗರದ ಅದೃಷ್ಟಕ್ಕೆ ಅಂತಹ ಬರಹವೊಂದು ಊರಿನಲ್ಲೇ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಸಂಬಂಧಿಸಿದ 1117ರ ಶಾಸನವದು. ಪುಣಿಸನು ತೊದವರನ್ನು ಬೆದರಿಸಿದ್ದು, ಕೊಂಗರನ್ನು ಹಿಮ್ಮೆಟ್ಟಿಸಿದ್ದು, ನೀಲಗಿರಿಯನ್ನು ಗೆದ್ದದ್ದು ಇವೆಲ್ಲ ಅದರಲ್ಲಿ ಬಂದಿವೆ. ನೀಲಗಿರಿಯ ಚರಿತ್ರೆಯನ್ನು ಬರೆಯುವವರು ಈ ಶಾಸನವನ್ನು ಮೊದಲಿಗೇ ನೆನೆಯುವುದುಂಟು. ಆದರೆ ನಮಗೆ ಇಲ್ಲಿ ಬೇಕಾದ ಮಾತು ಬೇರೆ. ಯುದ್ಧಗಳಿಂದ ಕೆಟ್ಟುಹೋಗಿದ್ದ ನಾಡಿನಲ್ಲಿ ಈ ದಂಡನಾಯಕನು ಯಾರು ಯಾರಿಗೆ ನೆರವಾದನೆಂಬುದನ್ನು ಶಾಸನಕಾರ ಹೇಳಿದ್ದಾನೆ. ಬಂಡವಾಳ ಕಳೆದುಕೊಂಡ ವರ್ತಕ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಒಡೆತನ ಕಳೆದುಕೊಂಡು ಆಳಾಗಿ ನಿಂತ ಕಿರಾತರ ಒಡೆಯ — ಇವರಿಗೆಲ್ಲ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಸಲಹಿದನೆಂಬುದು ಅದರ ತಾತ್ಪರ್ಯ. ಹೊಗಳಿಕೆಯ ಭಾಗವನ್ನು ತೆಗೆದಿಟ್ಟರೂ ಉಳಿಯುವ ಸಂಗತಿ ದೊಡ್ಡದು. ಈ ಸೀಮೆ ವ್ಯಾಪಾರ, ಬೇಸಾಯ, ಕಾಡು ಎಂಬ ಮೂರು ಕಾಲುಗಳ ಮೇಲೆ ನಿಂತಿದೆಯೆಂಬುದನ್ನು ಒಂಬೈನೂರು ವರ್ಷಗಳ ಹಿಂದೆಯೇ ಒಬ್ಬನು ಕಂಡಿದ್ದನು. ಇದನ್ನು ಈ ಊರಿನ ಮೊದಲ ಜನಗಣತಿ ಎಂದರೂ ತಪ್ಪಾಗಲಾರದು. ತಲೆಗಳನ್ನು ಎಣಿಸದೆ ನಷ್ಟಗಳನ್ನು ಎಣಿಸಿದ ಗಣತಿ.

ಆಗ ಈ ಊರಿನ ಹೆಸರು ಚಾಮರಾಜನಗರವಲ್ಲ, ಅರಕೊಠಾರ. ಜನರ ಬಾಯಲ್ಲಿ ಅದು ಅರಿಕುಠಾರವಾಯಿತು. ವೈರಿಗಳಿಗೆ ಕೊಡಲಿ ಎಂಬ ಅರ್ಥವೂ ಅದಕ್ಕೆ ದೊರೆಯಿತು. ಇಲ್ಲಿಯ ಅರಸುಮನೆತನವೊಂದರಲ್ಲಿ ಹುಟ್ಟಿದ ಮಗುವನ್ನು 1776ರಲ್ಲಿ ಹೈದರಾಲಿ ಮೈಸೂರಿನ ಸಿಂಹಾಸನಕ್ಕೆ ಆರಿಸಿದ ಕಥೆಯನ್ನು ವಿಲ್ಕ್ಸ್ ಸಾಹೇಬನು ತನ್ನ ಮೈಸೂರಿನ ಚರಿತ್ರೆಯಲ್ಲಿ ಹೇಳಿದ್ದಾನೆ. ಹಣ್ಣು, ಹೂವು, ತಿಂಡಿ, ಆಟಿಕೆಗಳನ್ನು ಹರಡಿದ್ದ ತೊಟ್ಟಿಯಲ್ಲಿ ರಾಜಬಂಧುಗಳ ಮಕ್ಕಳನ್ನೆಲ್ಲ ಬಿಟ್ಟರಂತೆ. ಉಳಿದ ಮಕ್ಕಳು ತಿಂಡಿಗೆ ಕೈಹಾಕಿದರೆ ಒಂದು ಮಗು ಹೊಳೆಯುವ ಚೂರಿಯೊಂದನ್ನು ಎತ್ತಿಕೊಂಡಿತು. ಅದೇ ಖಾಸಾ ಚಾಮರಾಜ ಒಡೆಯರು. ಅಧಿಕಾರವೆಲ್ಲ ಹೈದರನದೂ ಆಮೇಲೆ ಟಿಪ್ಪುವಿನದೂ ಆಗಿದ್ದ ಕಾಲದಲ್ಲಿ ಅವರು ಹೆಸರಿಗೆ ಮಾತ್ರ ಅರಸರಾಗಿ ಬಾಳಿ 1796ರಲ್ಲಿ ತೀರಿಕೊಂಡರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆ ಹುಟ್ಟಿದ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೊಡ್ಡ ದೇವಾಲಯವನ್ನು ಕಟ್ಟಿಸಿದರು. ಅಲ್ಲಿಯ ಅಮ್ಮನವರಿಗೆ ತಾಯಿಯ ಹೆಸರು, ಕೆಂಪನಂಜಾಂಬ. ಊರಿನಲ್ಲಿ ಜನನಮಂಟಪ ಇಂದಿಗೂ ಉಂಟು.

ಈ ದೇವಾಲಯದ ತೇರು ಆಷಾಢದಲ್ಲಿ ನಡೆಯುವುದು ವಿಶೇಷ. ಆಷಾಢಮಾಸದಲ್ಲಿ ನವದಂಪತಿಗಳು ಅಗಲಿರಬೇಕೆಂಬುದು ನಮ್ಮ ಕಡೆಯ ಪದ್ಧತಿಯಷ್ಟೆ. ಆ ಪದ್ಧತಿಗೆ ಚಾಮರಾಜೇಶ್ವರನು ಒಂದು ದಿನದ ರಜೆ ಕೊಟ್ಟಿದ್ದಾನೆ. ಸುತ್ತಿನ ಹಳ್ಳಿಗಳ ಹೊಸ ಜೋಡಿಗಳು ಆ ದಿನ ತೇರಿನ ಬಳಿ ಕೂಡಿ ಹಣ್ಣುಜವನ ಎಸೆಯುತ್ತಾರೆ. 2017ರಲ್ಲಿ ಕಿಡಿಗೇಡಿಯೊಬ್ಬ ಹಚ್ಚಿದ ಬೆಂಕಿಗೆ ತೇರು ಸುಟ್ಟಿತು. ಹೊಸ ತೇರು ಸಿದ್ಧವಾಗಿ 2022ರಲ್ಲಿ ಮತ್ತೆ ಎಳೆಯುವವರೆಗೆ ಎಷ್ಟೋ ಜೋಡಿಗಳ ಮೊದಲ ಆಷಾಢ ತೇರಿಲ್ಲದೆ ಕಳೆಯಿತು. ಬರಿಯ ಅಂಕಿಗಳಲ್ಲಿ ಊರನ್ನು ನೋಡುವವರಿಗೆ ಇಂತಹ ನಷ್ಟ ಕಾಣಿಸುವುದಿಲ್ಲ.

ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಅಲ್ಲಿಯ ವಿಜಯನಾರಾಯಣ ಆ ಹೆಸರನ್ನು ಇನ್ನೂ ಉಳಿಸಿಕೊಂಡಿದ್ದಾನೆ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮುಂಚೆ ಸಮೀಪದ ಹಂಗಳದಲ್ಲಿ ಸೆರೆವಾಸದಂತಹ ದಿನಗಳನ್ನು ಕಳೆದವರು. ಪಟ್ಟವಾದ ಮೇಲೆ ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದರು. ಹೀಗೆ ಎರಡು ಊರುಗಳಲ್ಲಿಯೂ ಮಕ್ಕಳು ತಂದೆಯ ನೆನಪಿಗೆ ಕಟ್ಟಿಸಿದ ಗುಡಿಗಳಿವೆ. ಮಾತು ಸ್ವಾರಸ್ಯವಾಗಿದೆ, ಆದರೆ ಅರಮನೆಯ ಪ್ರೀತಿಯಿಂದ ಊರು ದೊಡ್ಡದಾಗುವುದಿಲ್ಲ. 1901ರಲ್ಲಿ ಚಾಮರಾಜನಗರದ ಜನಸಂಖ್ಯೆ ಸುಮಾರು 6,000 ಮಾತ್ರ.

ಈಗಿನ ಅಂಕಿಗಳನ್ನು ನೋಡೋಣ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ 2027ಕ್ಕೆ ಗೊತ್ತಾಗಿರುವುದರಿಂದ ನಮಗೆ ಆಧಾರ 2011ರ ಗಣತಿಯೇ. ಅದರಂತೆ ಚಾಮರಾಜನಗರ ಪಟ್ಟಣದಲ್ಲಿ 69,875 ಜನ, ಗುಂಡ್ಲುಪೇಟೆಯಲ್ಲಿ 28,105 ಜನ. 1901ರಲ್ಲಿ ರಾಜಧಾನಿಯಾದ ಮೈಸೂರಿನಲ್ಲಿದ್ದವರು 68,111 ಜನವೆಂದು ನೆನೆದರೆ, ಇಂದಿನ ಚಾಮರಾಜನಗರ ನಾಲ್ವಡಿಯವರ ಬಾಲ್ಯಕಾಲದ ಮೈಸೂರಿನಷ್ಟು ದೊಡ್ಡದು. ಆದರೆ ಆ ಮೈಸೂರಿಗೆ ಅರಮನೆಯಿತ್ತು, ಕಾಲೇಜಿತ್ತು, ದರ್ಬಾರಿತ್ತು. ಈ ಊರಿಗೆ ಇರುವುದು ಸುತ್ತಲಿನ ಹಳ್ಳಿಗಳು ಮಾತ್ರ. ಜಿಲ್ಲೆಯ 10,20,791 ಜನರಲ್ಲಿ ಪಟ್ಟಣವಾಸಿಗಳು ನೂರಕ್ಕೆ 17. ಇಡೀ ರಾಜ್ಯದಲ್ಲಿ ಈ ಪ್ರಮಾಣ ನೂರಕ್ಕೆ 38ಕ್ಕಿಂತ ಹೆಚ್ಚು. ಪರಿಶಿಷ್ಟ ಜಾತಿಯವರು ಸುಮಾರು ಕಾಲುಭಾಗ, ಪರಿಶಿಷ್ಟ ಪಂಗಡದವರು ನೂರಕ್ಕೆ ಹೆಚ್ಚುಕಡಿಮೆ 12. ಸಾವಿರ ಗಂಡಸರಿಗೆ 993 ಹೆಂಗಸರಿದ್ದರು. ರಾಜ್ಯದ ಸರಾಸರಿ 973 ಆಗಿದ್ದಾಗ ಇದು ಸಮಾಧಾನದ ಮಾತೇ. ಸಾಕ್ಷರರು ನೂರಕ್ಕೆ 61, 2001ರಲ್ಲಿ 51ರಷ್ಟಿತ್ತು. ಹತ್ತು ವರ್ಷದಲ್ಲಿ ಹತ್ತು ಮೆಟ್ಟಿಲು ಏರಿದ್ದು ಸಣ್ಣ ಕೆಲಸವಲ್ಲ; ಆದರೂ ರಾಜ್ಯದ 75ನ್ನು ಮುಟ್ಟಲು ದೂರ ಬಹಳವಿತ್ತು.

ಇವೆಲ್ಲಕ್ಕಿಂತ ಯೋಚನೆಗೆ ಹಚ್ಚುವ ಅಂಕಿ ಮತ್ತೊಂದು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಹೆಚ್ಚು ಬೆಳೆದಾಗ ಈ ಜಿಲ್ಲೆ ಬೆಳೆದದ್ದು 6ಕ್ಕೂ ಕಡಿಮೆ. ಗುಂಡ್ಲುಪೇಟೆ ಪಟ್ಟಣವೂ ಹತ್ತು ವರ್ಷದಲ್ಲಿ ಎರಡು ಸಾವಿರ ಜನರಷ್ಟು ಹೆಚ್ಚಲಿಲ್ಲ. ಹೆರಿಗೆ ಕಡಿಮೆಯಾದದ್ದು ಒಂದು ಕಾರಣ. ಇನ್ನೊಂದನ್ನು ಬೆಳಗಿನ ಬಸ್ಸುಗಳಲ್ಲಿ ನೋಡಬಹುದು: ಮೈಸೂರಿಗೆ, ನಂಜನಗೂಡಿನ ಕಾರ್ಖಾನೆಗಳಿಗೆ, ಬೆಂಗಳೂರಿಗೆ, ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಶುಂಠಿ ಹೊಲಕ್ಕೆ ಹೊರಟವರು. ಜಿಲ್ಲೆಯಲ್ಲಿ ದುಡಿಯುವವರಲ್ಲಿ ಸ್ವಂತ ಬೇಸಾಯಗಾರರಿಗಿಂತ ಕೃಷಿಕೂಲಿಗಳೇ ಹೆಚ್ಚು. ಸ್ವಂತ ನೆಲವಿಲ್ಲದವನಿಗೆ ಯಾವ ಊರು ಕೂಲಿ ಕೊಡುತ್ತದೆಯೋ ಅದೇ ಊರು.

ಇನ್ನು ಪುಣಿಸನ ಪಟ್ಟಿಯನ್ನು ಹಿಡಿದು ಹೋಗೋಣ. ಮೊದಲು ವರ್ತಕ. ಕನ್ನಡ, ತಮಿಳು, ಮಲೆಯಾಳಗಳು ಕೂಡುವ ಎಡೆಯಲ್ಲಿರುವ ಈ ಸೀಮೆಯ ವ್ಯಾಪಾರ ಎಂದೂ ಘಟ್ಟದ ಕೆಳಗಿನದು. ಹೈದರ್, ಟಿಪ್ಪುವಿನ ಸೈನ್ಯಗಳು ಇಳಿದ ಗಜ್ಜಲಹಟ್ಟಿ ಕಣಿವೆ ಈ ದಿಕ್ಕಿನದೇ. ಇಂದು ಚಾಮರಾಜನಗರದ ಅರಿಸಿನ ಈರೋಡಿನ ಮಂಡಿಗೆ ಹೋಗುತ್ತದೆ. ಬೆಲೆ ಏರಿತೇ ಇಳಿಯಿತೇ ಎಂಬ ಸುದ್ದಿ ಅಲ್ಲಿಂದಲೇ ಬರಬೇಕು. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಹಿಂದೆ ಕೋಟೆಯುಳ್ಳ ಪ್ರಸಿದ್ಧ ಸ್ಥಳ. ಈಗ ತರಕಾರಿ ಮಾರುಕಟ್ಟೆಗೆ ಪ್ರಸಿದ್ಧ. ಅಲ್ಲಿಯ ಟೊಮ್ಯಾಟೊ, ಕೋಸು, ಬೀಟ್‌ರೂಟು, ಸಣ್ಣ ಈರುಳ್ಳಿ ಲಾರಿಯೇರಿ ಕೇರಳದ ಅಡಿಗೆಮನೆಗಳನ್ನು ಸೇರುತ್ತವೆ. ಓಣಂ ಹಬ್ಬದಲ್ಲಿ ಮಲೆಯಾಳಿಗಳ ಅಂಗಳದಲ್ಲಿ ಅರಳುವ ಹೂವಿನ ರಂಗೋಲಿಗೆ ಗುಂಡ್ಲುಪೇಟೆಯ ಚೆಂಡುಹೂವೂ ಬೇಕು.

ಆದರೆ ದಾರಿಗೆ ಬಾಗಿಲು ಬಿದ್ದಿದೆ. ಬಂಡೀಪುರದ ಕಾಡಿನ ಮೂಲಕ ಹಾಯುವ ಎರಡು ಹೆದ್ದಾರಿಗಳಲ್ಲಿಯೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ತುರ್ತುವಾಹನಗಳಿಗೂ ಬೆರಳೆಣಿಕೆಯ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ, 27 ತಿರುವುಗಳ ದಿಂಬಂ ಘಟ್ಟದಲ್ಲಿಯೂ 2022ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯದ ಆದೇಶದಂತೆ ರಾತ್ರಿಯ ನಿರ್ಬಂಧ ಬಂದಿತು. ರಾತ್ರಿಯ ಹೊತ್ತು ರಸ್ತೆ ದಾಟುವ ಜಿಂಕೆ, ಆನೆ, ಚಿರತೆಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದು ಸುಳ್ಳಲ್ಲ; ಅವಕ್ಕೆ ಆ ಒಂಬತ್ತು ಗಂಟೆಗಳ ನೆಮ್ಮದಿ ಸಲ್ಲಬೇಕಾದದ್ದೇ. ಟೊಮ್ಯಾಟೊ ಬೆಳಗಾಗುವವರೆಗೆ ಕಾಯುವುದಿಲ್ಲವೆಂಬುದೂ ಅಷ್ಟೇ ನಿಜ. ಕೇರಳ ಬಹುಕಾಲದಿಂದ ಈ ನಿಷೇಧವನ್ನು ತೆಗೆಯಬೇಕೆಂದು ಕೇಳುತ್ತಿದೆ. ಗುಂಡ್ಲುಪೇಟೆಯ ವರ್ತಕ ಮಾತ್ರ ಬಾಗಿಲು ಮುಚ್ಚುವ ಮೊದಲೇ ಲಾರಿಯನ್ನು ದಾಟಿಸುವ ಲೆಕ್ಕವನ್ನು ಕಲಿತುಕೊಂಡಿದ್ದಾನೆ.

ಎರಡನೆಯವನು ಒಕ್ಕಲಿಗ. ಬಿತ್ತಲು ಬೀಜವಿಲ್ಲವೆಂಬುದು ಹೊಯ್ಸಳರ ಕಾಲದ ಕಷ್ಟ. ಇಂದಿನ ಕಷ್ಟ ನೀರು. ಸುವರ್ಣಾವತಿ ಮತ್ತು ಚಿಕ್ಕಹೊಳೆಯ ಜಲಾಶಯಗಳು ಕೆಲವು ಹಳ್ಳಿಗಳಿಗೆ ಆಸರೆಯಾದರೂ ನೆಲದ ಬಹುಭಾಗ ಮಳೆಯನ್ನೋ ಕೊಳವೆಬಾವಿಯನ್ನೋ ನೆಚ್ಚಿದೆ. ಬಾವಿಗಳು ಆಳಕ್ಕಿಳಿದಂತೆ ಸಾಲವೂ ಇಳಿಯಿತು. ಈಚಿನ ವರ್ಷಗಳಲ್ಲಿ ಕಬಿನಿಯಿಂದ ನೀರೆತ್ತಿ ಈ ಎರಡು ತಾಲ್ಲೂಕುಗಳ ಒಣಗಿದ ಕೆರೆಗಳಿಗೆ ತುಂಬಿಸುವ ಯೋಜನೆಗಳು ಬಂದಿವೆ. ಕೆರೆ ತುಂಬಿದ ಹಳ್ಳಿಯಲ್ಲಿ ಬಾವಿಗೂ ಜೀವ ಬಂದಿದೆ. ಬೀಜವನ್ನು ಹಿಂದಿರುಗಿಸಿದ ಪುಣಿಸನ ಕೆಲಸಕ್ಕೆ ನಮ್ಮ ಕಾಲದಲ್ಲಿ ಹತ್ತಿರವಾದದ್ದು ಇದೇ ಇರಬೇಕು.

ಹಿಂದೆ ಈ ಸೀಮೆಯ ಸಣ್ಣ ಹಿಡುವಳಿದಾರನನ್ನು ಕಾಪಾಡಿದ್ದು ರೇಷ್ಮೆ. ಅರ್ಧ ಎಕರೆ ಹಿಪ್ಪುನೇರಳೆ, ಮನೆಯೊಳಗೆ ನಾಲ್ಕು ತಟ್ಟೆ ಹುಳು. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಸೊಪ್ಪು ಹಾಕಿದರೆ ತಿಂಗಳೊಳಗೆ ಗೂಡು, ಗೂಡಿಗೆ ರೊಕ್ಕ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚ್ಯೂಟಿಗೆ ರೇಷ್ಮೆ ಬೇಕಾದಾಗ ಮೈಸೂರು ಸೀಮೆಯ ನೂಲಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವೂ ರೇಷ್ಮೆಯ ಊರೇ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ, ಮತ್ತೆಮತ್ತೆ ಬಂದ ಬರ, ಆಮೇಲೆ ಚೀನಾದಿಂದ ಅಗ್ಗವಾಗಿ ಬಂದಿಳಿದ ನೂಲು ಇವು ಮೂರೂ ಸೇರಿ ಹುಳುಮನೆಗಳನ್ನು ಬರಿದುಮಾಡಿದವು. ಹಿಪ್ಪುನೇರಳೆ ಕಿತ್ತ ಜಾಗದಲ್ಲಿ ಬಾಳೆ, ಅರಿಸಿನ, ಚೆಂಡುಹೂವು ಬಂದವು. ಈ ಚೆಂಡುಹೂವಿನಲ್ಲಿ ಮುಡಿಗೆ ಹೋಗುವುದಕ್ಕಿಂತ ಕಾರ್ಖಾನೆಗೆ ಹೋಗುವುದು ಕಡಿಮೆಯೇನಲ್ಲ. ಅದರ ಬಣ್ಣವನ್ನು ತೆಗೆದು ಕೋಳಿಯ ಮೇವಿನಲ್ಲಿ ಬೆರೆಸುತ್ತಾರೆ, ಮೊಟ್ಟೆಯೊಳಗಿನ ಹಳದಿ ಕಣ್ಣಿಗೆ ಒಪ್ಪಲೆಂದು. ಮೋಟಾರು ನಿಲ್ಲಿಸಿ ಹೂವಿನ ಹೊಲದಲ್ಲಿ ಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗಳಿಗೆ ಇದು ಗೊತ್ತಿರುವುದಿಲ್ಲ. ಹೊಲವನ್ನು ಕೇರಳದ ಶುಂಠಿ ಬೆಳೆಗಾರರಿಗೆ ಗುತ್ತಿಗೆ ಕೊಟ್ಟು, ಅದೇ ಹೊಲದಲ್ಲಿ ಕೂಲಿ ಮಾಡುವ ರೈತರೂ ಇದ್ದಾರೆ. ಗುತ್ತಿಗೆಯ ಹಣ ಒಂದೇ ಗಂಟಾಗಿ ಕೈಗೆ ಬರುತ್ತದೆ. ಗೊಬ್ಬರ, ಔಷಧಿಗಳಿಂದ ಬಳಲಿದ ನೆಲ ನಿಧಾನವಾಗಿ ಕೈಗೆ ಬರುತ್ತದೆ.

ನೆಲದ ಮೇಲಿನ ಬೆಳೆ ಹೀಗಾದರೆ ನೆಲದೊಳಗಿನದು ಕಲ್ಲು. ಚಾಮರಾಜನಗರದ ಕರಿಕಲ್ಲಿಗೆ ಲೋಕದಲ್ಲಿ ಹೆಸರಿದೆ. ಹೊಳಪು ಕೊಟ್ಟರೆ ಕನ್ನಡಿಯಂತಾಗುವ ಈ ಶಿಲೆ ಜಪಾನು, ಯೂರೋಪುಗಳಿಗೆ ಹೋಗಿ ಗೋರಿಗಳ ಮೇಲೆ ನಿಲ್ಲುತ್ತದೆ. ಈ ಊರಿನ ಹೆಸರು ಕೇಳರಿಯದ ಎಷ್ಟೋ ಜನರ ಹೆಸರುಗಳು ಈ ಊರಿನ ಕಲ್ಲಿನ ಮೇಲೆ ಉಳಿದಿವೆ. ಕಲ್ಲು ಊರಿಗೆ ಕೆಲವು ದೊಡ್ಡ ಮನೆಗಳನ್ನೂ, ಲಾರಿಗಳನ್ನೂ, ಕೂಲಿಯನ್ನೂ ಕೊಟ್ಟಿತು. ಹಿಂದೆ ಬಿಟ್ಟದ್ದು ಆಳವಾದ ಕುಳಿಗಳು. ಬೆಳೆ ಮತ್ತೆ ಬೆಳೆಯುತ್ತದೆ, ಕಲ್ಲು ಬೆಳೆಯುವುದಿಲ್ಲವೆಂಬುದನ್ನು ಲೆಕ್ಕದ ಪುಸ್ತಕಗಳಲ್ಲಿ ಯಾರೂ ಬರೆದಂತಿಲ್ಲ.

ಮೂರನೆಯವನು ಕಿರಾತ, ಎಂದರೆ ಕಾಡಿನವನು. ಜಿಲ್ಲೆಯ ಹೆಚ್ಚುಕಡಿಮೆ ಅರ್ಧ ಕಾಡು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಂಗಸ್ವಾಮಿಯನ್ನು ಭಾವನೆಂದು ಕರೆಯುತ್ತಾರೆ. ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನೆಂಬ ಸಲಿಗೆ ಅವರದು. ದೇವರೊಡನೆ ನಂಟಸ್ತನವಿದ್ದರೂ ಸರ್ಕಾರದೊಡನೆ ಇರಲಿಲ್ಲ. 1974ರಲ್ಲಿ ಆ ಬೆಟ್ಟಗಳು ಅಭಯಾರಣ್ಯವಾದಾಗ ಪೋಡುಗಳು ಸ್ಥಳ ಬದಲಿಸಬೇಕಾಯಿತು, ಕಾಡು ಸವರಿ ರಾಗಿ ಬಿತ್ತುವ ಬೇಸಾಯ ನಿಂತಿತು. ಮೂವತ್ತು ವರ್ಷಗಳ ಮೇಲೆ ಜೇನು, ನೆಲ್ಲಿ, ಪಾಚಿ ತಂದು ಮಾರುವುದಕ್ಕೂ ತಡೆಬಿತ್ತು. ಒಡೆಯನಾಗಿದ್ದವನು ಆಳಾಗುವುದೆಂದರೆ ಇದೇ. ಬಂಡೀಪುರದ ಅಂಚಿನ ಜೇನುಕುರುಬರ ಕಥೆಯೂ ಬೇರೆಯಲ್ಲ. 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಯೋಜನೆಗಳಲ್ಲಿ ಒಂದಾದ ಆ ಕಾಡಿನಲ್ಲಿ ಹುಲಿ ಉಳಿಯಿತು, ಹುಲಿಯನ್ನು ನೋಡಲು ಲೋಕವೇ ಬಂದಿತು. ಕಾಡನ್ನು ಬಲ್ಲವರಿಗೆ ದೊರೆತದ್ದು ದಿನಗೂಲಿ.

ಆದರೆ ಇಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. 2006ರ ಅರಣ್ಯಹಕ್ಕು ಕಾಯಿದೆಯನ್ನು ಹಿಡಿದು ಸೋಲಿಗರು ಬಿಡದೆ ಹೋರಾಡಿದರು. 2011ರ ಆರಂಭದಲ್ಲಿ ಅವರ ಬೆಟ್ಟಗಳು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದವು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಹುಲಿಯ ಕಾಡಿನೊಳಗೆ ಕಾಡಿನ ಜನರ ಹಕ್ಕನ್ನು ಒಪ್ಪಿದ್ದು ದೇಶದಲ್ಲಿ ಅದೇ ಮೊದಲು. ಹಕ್ಕುಪತ್ರ ಕೈಗೆ ಬಂದೊಡನೆ ಬದುಕು ನೇರವಾಗುವುದಿಲ್ಲ. ಆದರೂ ಕಳೆದುಕೊಂಡವನು ತನ್ನದನ್ನು ತಾನೇ ಕೇಳಿ ಪಡೆದನೆಂಬುದು ದಂಡನಾಯಕನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ವ್ಯತ್ಯಾಸ.

ಚಾಮರಾಜನಗರವು 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಜಿಲ್ಲಾಕೇಂದ್ರಕ್ಕೆ ಬಂದ ಮುಖ್ಯಮಂತ್ರಿ ಗಾದಿ ಕಳೆದುಕೊಳ್ಳುತ್ತಾನೆಂಬ ನಂಬಿಕೆ ಆಗ ಎಷ್ಟು ಬಲವಾಗಿತ್ತೆಂದರೆ, ಉದ್ಘಾಟನೆ ನಡೆದದ್ದು ಮಲೆಮಹದೇಶ್ವರ ಬೆಟ್ಟದಲ್ಲಿ. 2013ರಲ್ಲಿ ಊರಿಗೆ ಬಂದ ಸಿದ್ದರಾಮಯ್ಯನವರು ಮತ್ತೆಮತ್ತೆ ಬಂದೂ ಐದು ವರ್ಷವನ್ನು ಪೂರೈಸಿದ ಮೇಲೆ ಆ ಮಾತು ಸೊರಗಿತು. ನಗುವ ವಿಷಯವಾದರೂ ಇದರಲ್ಲಿ ನಷ್ಟವೂ ಇತ್ತು. ದೊಡ್ಡವರು ಕಾಲಿಡದ ಊರಿನ ಅಹವಾಲು ಬಾಗಿಲಿನಾಚೆಯೇ ಉಳಿಯುತ್ತದೆ. ಜಿಲ್ಲೆಯಾದದ್ದರಿಂದ ಕಚೇರಿಗಳು, ಬಡಾವಣೆಗಳು, 2016ರಲ್ಲಿ ವೈದ್ಯಕೀಯ ಕಾಲೇಜು, ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬಂದವು. ಆದರೂ 2021ರ ಮೇ ತಿಂಗಳ ಆರಂಭದಲ್ಲಿ, ಸೋಂಕಿನ ಆ ಭೀಕರ ದಿನಗಳಲ್ಲಿ, ಆಮ್ಲಜನಕಕ್ಕಾಗಿ ಮೈಸೂರಿನ ದಾರಿಯನ್ನೇ ನೋಡಬೇಕಾಗಿತ್ತು. ಕೊರತೆಯ ನಡುವೆ ಒಂದೇ ದಿನದೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ನಕ್ಷೆಯಲ್ಲಿ ಬೇರೆಯಾಗುವುದು ಸುಲಭ, ಸ್ವಂತ ಕಾಲಿನ ಮೇಲೆ ನಿಲ್ಲುವುದು ಕಷ್ಟವೆಂಬುದನ್ನು ಊರು ಆ ರಾತ್ರಿ ಕಲಿಯಿತು.

ಮುಂದಿನ ಗಣತಿಯಲ್ಲಿ ಈ ಊರುಗಳ ಅಂಕಿಗಳು ಏರಿಯೇ ಇರುತ್ತವೆ. ಪತ್ರಿಕೆಗಳಲ್ಲಿ ಅವು ಅಚ್ಚಾದ ದಿನ ಚಾಮರಾಜನಗರದ ಓದುಗರು ತಮ್ಮೂರು ಲಕ್ಷಕ್ಕೆ ಎಷ್ಟು ಹತ್ತಿರ ಬಂದಿದೆಯೆಂದು ಕುತೂಹಲದಿಂದ ನೋಡುವುದು ಸಹಜವೇ. ಅವರಲ್ಲಿ ಬಿಡುವಾದವರು ಅದೇ ದಿನ ಪುಣಿಸನ ಬಸದಿಯ ಕಡೆಗೂ ಒಮ್ಮೆ ಹೋಗಿಬರಲಿ. ಬಾಗಿಲು ಮುಚ್ಚುವ ಮೊದಲು ವರ್ತಕನ ಲಾರಿ ದಾಟಿತೇ, ಒಕ್ಕಲಿಗನ ಕೆರೆಗೆ ನೀರು ಬಂತೇ, ಸೋಲಿಗನ ಜೇನಿಗೆ ನ್ಯಾಯವಾದ ಬೆಲೆ ಸಿಕ್ಕಿತೇ ಎಂಬ ಮೂರು ಪ್ರಶ್ನೆಗಳನ್ನು ಆ ಹಳೆಯ ಗಣತಿದಾರ ಕೇಳುತ್ತಿದ್ದ. ಅವಕ್ಕೆ ಉತ್ತರ ಗೊತ್ತಾದರೆ ಊರಿನ ವರಮಾನವನ್ನು ಬೇರೆಯಾಗಿ ಕೇಳಬೇಕಾಗಿಲ್ಲ.